ಮಳೆಗೆ ತೆತ್ತ ಬೆಲೆ

ಬರದ ಲೆಕ್ಕ ಸಾಮಾನ್ಯವಾಗಿ ಅಂಕಿಗಳಲ್ಲಿ ಉಳಿಯುತ್ತದೆ. 1876ರಿಂದ 1878ರವರೆಗೆ ಕಾಡಿದ ಧಾತು-ಈಶ್ವರ ಸಂವತ್ಸರಗಳ ಬರದ ಕತೆಯೂ ಹಾಗೆಯೇ. 1871ರಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಗಣತಿಯ ಹೊತ್ತಿಗೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಆದರೆ ನೀರಿಗಾಗಿ ಬೆಲೆ ತೆತ್ತವರು ಯಾರು ಎಂಬುದನ್ನು ಗಣತಿ ಹೇಳುವುದಿಲ್ಲ. ಅದನ್ನು ಹೇಳುವುದು ಹಾಡು, ನಾಟಕ, ಸಿನಿಮಾ.

ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ಹಾಡಿಕೊಂಡು ಬಂದ 'ಕೆರೆಗೆ ಹಾರ'ವನ್ನೇ ನೋಡಿ. ಊರ ಗೌಡ ಕೆರೆ ಕಟ್ಟಿಸುತ್ತಾನೆ, ಹನಿ ನೀರು ಬಾರದು. ಜೋಯಿಸರು ಕೇಳುವುದು ಸೊಸೆಯ ಬಲಿಯನ್ನು. ಹಿರಿಸೊಸೆಯನ್ನು ಕೊಟ್ಟರೆ ಮನೆಯ ಹಿರಿತನಕ್ಕೆ ಯಾರು ಎಂಬ ಲೆಕ್ಕಾಚಾರ ನಡೆದು, ಕಿರಿಸೊಸೆ ಭಾಗೀರಥಿಯ ಪಾಲಿಗೆ ಸಾವು ಬರುತ್ತದೆ. ಕೆರೆಯ ಬಳಿ ಮರೆತ ಬಂಗಾರದ ಬಟ್ಟಲನ್ನು ತರಲು ಹೋದವಳು ಮೆಟ್ಟಿಲು ಹತ್ತುತ್ತಿದ್ದಂತೆ ನೀರೂ ಏರುತ್ತದೆ. ದಂಡಿನಿಂದ ಬಂದ ಗಂಡ ಅದೇ ಕೆರೆಗೆ ಹಾರುತ್ತಾನೆ. ಊರಿಗೆ ನೀರು ಬಂತು, ಮನೆಯ ದೀಪ ಆರಿತು.

ಗಿರೀಶ ಕಾರ್ನಾಡರ 'ಅಗ್ನಿ ಮತ್ತು ಮಳೆ' ನಾಟಕ ಮಹಾಭಾರತದ ಯವಕ್ರೀತನ ಉಪಾಖ್ಯಾನವನ್ನು ಆಧರಿಸಿದ್ದು. ಹತ್ತು ವರ್ಷ ಮಳೆ ಕಾಣದ ನಾಡಿನಲ್ಲಿ ಪಂಡಿತರು ಏಳು ವರ್ಷಗಳ ಯಜ್ಞದಲ್ಲಿ ತೊಡಗಿದ್ದಾರೆ, ಒಳಗೊಳಗೇ ಅಸೂಯೆಯಿಂದ ಬೇಯುತ್ತಿದ್ದಾರೆ. ಹಸಿದವರ ನೋವಿಗೆ ಮಿಡಿಯುವವಳು ಬೇಡರ ಹುಡುಗಿ ನಿತ್ತಿಲೆ. ಅವಳೂ ತನ್ನವರ ಕೈಯಲ್ಲೇ ಕೊಲೆಯಾಗುತ್ತಾಳೆ. ಇಂದ್ರ ವರ ಕೊಡಲು ಬಂದಾಗ ಅವಳ ಪ್ರಿಯಕರ ಅರವಸು ಅವಳನ್ನು ಮರಳಿ ಪಡೆಯುವ ಆಸೆ ಬಿಟ್ಟು, ಬ್ರಹ್ಮರಾಕ್ಷಸನೊಬ್ಬನ ಬಿಡುಗಡೆ ಕೇಳುತ್ತಾನೆ. ಆಗ ಮಳೆ ಸುರಿಯುತ್ತದೆ.

ಯು.ಆರ್. ಅನಂತಮೂರ್ತಿಯವರ ಕತೆಯನ್ನು ಆಧರಿಸಿ ಎಂ.ಎಸ್. ಸತ್ಯು 1982ರಲ್ಲಿ ತೆರೆಗೆ ತಂದ 'ಬರ'ದಲ್ಲಿ ದೇವತೆಗಳಿಲ್ಲ. ತನ್ನ ಜಿಲ್ಲೆಯನ್ನು ಬರಪೀಡಿತವೆಂದು ಘೋಷಿಸಿರೆಂದು ಹೆಣಗುವ ಜಿಲ್ಲಾಧಿಕಾರಿ ಇದ್ದಾನೆ. ಆ ಪಾತ್ರ ಅನಂತನಾಗ್ ಅವರದು. ಹಸಿವು ಕಣ್ಣೆದುರೇ ಇದ್ದರೂ ರಾಜಕಾರಣದ ಲೆಕ್ಕ ಮುಗಿಯುವವರೆಗೆ ಅದು ಕಾಗದದ ಮೇಲೆ ಬರವಲ್ಲ.

ಮೂರೂ ಕೃತಿಗಳ ಕಾಲ ಬೇರೆ, ಮಾತು ಒಂದೇ: ನೀರಿಲ್ಲದ ಕಷ್ಟ ಎಲ್ಲರದು, ಅದರ ಬೆಲೆ ಮಾತ್ರ ಬಲವಿಲ್ಲದವರದು. ನಿರ್ಧರಿಸುವವರು ಒಬ್ಬರು, ತೆರುವವರು ಇನ್ನೊಬ್ಬರು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಅಂಥ ವರ್ಷಗಳಲ್ಲಿ ಟ್ಯಾಂಕರ್ ಮುಂದೆ ಕೊಡ ಹಿಡಿದು ನಿಲ್ಲುವವರು ಹೆಚ್ಚಾಗಿ ಹೆಂಗಸರೇ. ಭಾಗೀರಥಿಯ ಹಾಡು ಹಳೆಯದಾಗಿಲ್ಲ.