ಒಂದು ಮನೆ, ನಾಲ್ಕು ಪರದೆ, ಒಂದೇ ಪಂಚಾಂಗ

ಕೆಳಗೆ ಅಂಗಡಿ, ಮೇಲೆ ವಾಸ ಎಂಬ ಪದ್ಧತಿ ಗಡಿನಾಡಿನ ನಮ್ಮ ವ್ಯಾಪಾರಿ ಕುಟುಂಬಗಳಲ್ಲಿ ಇನ್ನೂ ಹಲವು ಕಡೆ ಉಳಿದಿದೆ. ಇಂಥ ಮನೆಗಳಲ್ಲಿ ಗೋಡೆಯ ಕ್ಯಾಲೆಂಡರಿಗೆ ದೊಡ್ಡ ಸ್ಥಾನವಿತ್ತು. ಸೊಲ್ಲಾಪುರ, ಅಕ್ಕಲಕೋಟೆಗಳ ಕಡೆ 1973ರಲ್ಲಿ ಆರಂಭವಾದ ‘ಕಾಲನಿರ್ಣಯ’ವನ್ನು ನೋಡದವರು ಕಡಿಮೆ. ಅದರ ಚೌಕಗಳಲ್ಲಿ ತಾಯಿ ಹಾಲಿನ ಲೆಕ್ಕ ಬರೆದರೆ, ಯಜಮಾನರು ಹಣ ಬರಬೇಕಾದ ದಿನಕ್ಕೆ ಗುರುತು ಹಾಕುತ್ತಿದ್ದರು. ಯಾರು ಬೇಕಾದರೂ ಬರೆಯಬಹುದು, ಎಲ್ಲರೂ ನೋಡಬಹುದು. ಅದರ ಗುಣವೆಲ್ಲ ಇಷ್ಟೇ.

ಈಗ ಅದೇ ಮನೆಯಲ್ಲಿ ನಾಲ್ಕು ಪರದೆಗಳಿವೆ. ಅಂಗಡಿಯ ಕಂಪ್ಯೂಟರಿಗೆ ಜಿಎಸ್‌ಟಿಯ ದಿನಾಂಕ ಗೊತ್ತು, ಹಿರಿಯ ಮಗನ ಮೊಬೈಲಿಗೆ ಸರಕಿನ ಲಾರಿ ಬರುವ ದಿನ ಗೊತ್ತು, ಅತ್ತೆಯವರ ಮೊಬೈಲಿಗೆ ಚತುರ್ದಶಿ ಗೊತ್ತು, ಸೊಸೆಯ ಮೊಬೈಲಿಗೆ ಮಕ್ಕಳ ಪರೀಕ್ಷೆ ಗೊತ್ತು. ಒಂದಕ್ಕೆ ಗೊತ್ತಿರುವುದು ಇನ್ನೊಂದಕ್ಕೆ ಗೊತ್ತಿಲ್ಲ. ಹೀಗಾಗಿ ಮನೆಯವರೆಲ್ಲ ಉಪವಾಸವಿರುವ ದಿನವೇ ಹೊರಊರಿನ ದಲ್ಲಾಳಿಗೆ ಊಟದ ಆಮಂತ್ರಣ ಹೋಗಿರುತ್ತದೆ. ಪೇಟೆಗೆ ಮುನಿಸಂಘ ಬರುವ ದಿನವೇ ಅಂಗಡಿಯಲ್ಲಿ ದಾಸ್ತಾನು ಎಣಿಕೆ ಇಟ್ಟುಕೊಂಡಿರುತ್ತಾರೆ.

ಇದಕ್ಕೆ ಪರಿಹಾರ ಕಷ್ಟದ್ದಲ್ಲ. ಬೇರೆ ಬೇರೆ ಕಂಪನಿಗಳ ಕ್ಯಾಲೆಂಡರುಗಳು ಒಂದರ ಬರಹವನ್ನು ಇನ್ನೊಂದು ಓದಲೆಂದು 1998ರಲ್ಲಿಯೇ ‘ಐಕ್ಯಾಲೆಂಡರ್’ ಎಂಬ ಸಮಾನ ಲಿಪಿಯಂಥ ನಿಯಮವನ್ನು ರೂಪಿಸಲಾಯಿತು. 2009ರಲ್ಲಿ ಅದು ಪರಿಷ್ಕೃತವಾಯಿತು. ಒಂದೇ ಕ್ಯಾಲೆಂಡರನ್ನು ಹಲವರು ತಿದ್ದುವುದಕ್ಕೆ ಬೇಕಾದ ‘ಕ್ಯಾಲ್‌ಡಾವ್’ ಎಂಬ ವ್ಯವಸ್ಥೆ 2007ರಲ್ಲಿ ಬಂತು. ಖಾತೆ ಪುಸ್ತಕ ಒಂದೇ, ಗುಮಾಸ್ತರು ನಾಲ್ವರು ಎಂದುಕೊಂಡರೆ ನಮ್ಮವರಿಗೆ ಬೇಗ ಅರ್ಥವಾದೀತು. ಆ ಪುಸ್ತಕವನ್ನು ಗೂಗಲ್‌ನಂಥ ಕಂಪನಿಯ ಖಾತೆಯಲ್ಲಿ ಇಡಬಹುದು. ಮನೆಯಲ್ಲಿಯೇ ಇರಲಿ ಎನ್ನುವವರು ಹಳೆಯ ಕಂಪ್ಯೂಟರೊಂದಕ್ಕೆ ‘ರಾಡಿಕೇಲ್’ನಂಥ ಉಚಿತ ತಂತ್ರಾಂಶ ಹಾಕಿ, ಅದನ್ನು ಸದಾ ಚಾಲೂ ಇಟ್ಟು, ರೌಟರಿನಲ್ಲಿ ಅದಕ್ಕೆ ಬದಲಾಗದ ವಿಳಾಸ ಕೊಡಬಹುದು. ಎರಡನೆಯ ಕ್ರಮದಲ್ಲಿ ಮೊಬೈಲು ಮನೆಯ ವೈಫೈಗೆ ಮರಳಿದಾಗಲಷ್ಟೇ ಹೊಸ ಬರಹ ಸೇರುತ್ತದೆ. ಅಂಗಡಿ ಮನೆ ಒಂದೇ ಕಡೆ ಇರುವವರಿಗೆ ಅದು ಸಾಕು. ಊರೂರು ತಿರುಗುವವರಿಗೆ ಮೊದಲನೆಯದೇ ಸರಿ ಎಂದು ನಮ್ಮ ಅಭಿಪ್ರಾಯ.

ತೆರಿಗೆಯ ದಿನಗಳನ್ನು ಒಮ್ಮೆ ಬರೆದು ‘ಪ್ರತಿ ತಿಂಗಳು’ ಎಂದರೆ ಕೆಲಸ ಮುಗಿಯಿತು. ತಿಂಗಳ ಲೆಕ್ಕ ಸಲ್ಲಿಸುವವರಿಗೆ ಮಾರಾಟದ ವಿವರಕ್ಕೆ 11, ತೆರಿಗೆಯ ಪತ್ರಕ್ಕೆ 20. ಮುಂಗಡ ಆದಾಯ ತೆರಿಗೆಗೆ ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್‌ಗಳ 15. ಸರ್ಕಾರ ಗಡುವು ಮುಂದೂಡಿದರೆ ಆಗ ತಿದ್ದಿಕೊಳ್ಳಬಹುದು.

ತೊಡಕಿರುವುದು ನಮ್ಮ ಪರ್ವಗಳಲ್ಲಿ. ದಶಲಕ್ಷಣ ಪರ್ವ ಭಾದ್ರಪದ ಶುದ್ಧ ಪಂಚಮಿಗೆ ಆರಂಭ, ಮಹಾವೀರ ಜಯಂತಿ ಚೈತ್ರ ಶುದ್ಧ ತ್ರಯೋದಶಿ. ಇವನ್ನು ಈ ವರ್ಷದ ತಾರೀಖಿಗೆ ಬರೆದು ‘ಪ್ರತಿ ವರ್ಷ’ ಎಂದು ಒತ್ತಿದರೆ ಮುಂದಿನ ವರ್ಷ ತಪ್ಪು ದಿನವೇ ಬರುತ್ತದೆ. ಚಂದ್ರನು ಸೂರ್ಯನಿಂದ 12 ಅಂಶ ಮುಂದೆ ಸರಿಯುವಷ್ಟು ಕಾಲ ಒಂದು ತಿಥಿ. ಚಂದ್ರನ ವೇಗ ಒಂದೇ ಸಮ ಇರುವುದಿಲ್ಲ. ಆದ್ದರಿಂದ ತಿಥಿ ಸುಮಾರು 19 ಗಂಟೆಯಿಂದ 26 ಗಂಟೆಯವರೆಗೆ ಹಿಗ್ಗಿ ಕುಗ್ಗುತ್ತದೆ. ಒಮ್ಮೊಮ್ಮೆ ಯಾವ ಸೂರ್ಯೋದಯಕ್ಕೂ ಸಿಗದೆ ಲೋಪವಾಗುತ್ತದೆ, ಒಮ್ಮೊಮ್ಮೆ ಎರಡು ಸೂರ್ಯೋದಯಗಳಿಗೂ ಇರುತ್ತದೆ. ಆಗ ನೋಂಪಿ ಯಾವ ದಿನ ಎಂಬುದನ್ನು ಯಂತ್ರ ಹೇಳಬಾರದು, ನಿಮ್ಮ ಬಸದಿಯ ಪಂಚಾಂಗ ಹೇಳಬೇಕು. ವರ್ಷಾರಂಭದಲ್ಲಿ ಆ ಪಂಚಾಂಗ ಮುಂದಿಟ್ಟುಕೊಂಡು ಅಷ್ಟಮಿ ಚತುರ್ದಶಿಗಳನ್ನೆಲ್ಲ ಒಂದೊಂದಾಗಿ ಬರೆಯಬೇಕು. ಎರಡು ಸಂಜೆಯ ಕೆಲಸ. ಅಜ್ಜಿ ಓದಿ ಹೇಳಲಿ, ಮೊಮ್ಮಗ ಒತ್ತಲಿ. ಮೊಮ್ಮಗನಿಗೆ ತಿಥಿಗಳ ಹೆಸರೂ ಬಂದಂತಾಯಿತು.

ಉತ್ತರದ ಊರುಗಳಿಂದ ಬರುವ ಸಿದ್ಧ ಜೈನ ಕ್ಯಾಲೆಂಡರನ್ನು ಸೇರಿಸಿಕೊಳ್ಳುವವರು ಇನ್ನೊಂದು ವಿಷಯ ಗಮನಿಸಬೇಕು. ಅಲ್ಲಿ ತಿಂಗಳು ಹುಣ್ಣಿಮೆಗೆ ಮುಗಿಯುತ್ತದೆ, ನಮ್ಮಲ್ಲಿ ಅಮಾವಾಸ್ಯೆಗೆ. ಭಗವಾನ್ ಮಹಾವೀರರ ನಿರ್ವಾಣದ ದಿನವನ್ನು ಅವರು ಕಾರ್ತಿಕ ಅಮಾವಾಸ್ಯೆ ಎನ್ನುತ್ತಾರೆ, ನಮ್ಮ ಲೆಕ್ಕದಲ್ಲಿ ಅದು ಆಶ್ವಯುಜ ಅಮಾವಾಸ್ಯೆ. ದಿನ ಒಂದೇ. ಹೆಸರು ನೋಡಿ ಮನೆಯವರು ಗಲಿಬಿಲಿಗೊಂಡು ಎರಡು ಕಡೆ ಬರೆದುಬಿಡುತ್ತಾರೆ, ಅಷ್ಟೆ.

ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವವರು ಸಂಜೆಯ ನೆನಪಿನ ಗಂಟೆಯನ್ನು ಹಂಚಿಕೊಂಡ ಕ್ಯಾಲೆಂಡರಿನಲ್ಲಿ ಇಡದಿರುವುದು ಮೇಲು. ಸೊಲ್ಲಾಪುರದ ತವರು, ವಯನಾಡಿನ ಕಲ್ಪೆಟ್ಟದ ಮಗಳ ಮನೆ, ಎರಡೂ ಹೆಚ್ಚುಕಡಿಮೆ ಒಂದೇ ರೇಖಾಂಶದಲ್ಲಿವೆ. ಆದರೂ ಜೂನ್ ಕೊನೆಗೆ ಸೊಲ್ಲಾಪುರದಲ್ಲಿ ಹತ್ತು ಹನ್ನೆರಡು ನಿಮಿಷ ತಡವಾಗಿ, ಡಿಸೆಂಬರಿನಲ್ಲಿ ಅಷ್ಟೇ ಬೇಗ ಹೊತ್ತು ಮುಳುಗುತ್ತದೆ. ಆ ಗಂಟೆ ಅವರವರ ಮೊಬೈಲಿನಲ್ಲಿಯೇ ಇರಲಿ.

ಇನ್ನು ಇ-ಮೇಲ್. ಹಳೆಯ ‘ಪಾಪ್’ ಪದ್ಧತಿಯಲ್ಲಿ ಸಾಮಾನ್ಯವಾಗಿ ಪತ್ರ ಮೊದಲು ಕೇಳಿದ ಕಂಪ್ಯೂಟರಿಗೆ ಇಳಿದು, ಮೂಲದಿಂದ ಅಳಿದುಹೋಗುತ್ತಿತ್ತು. ತಮ್ಮ ತೆರೆದ ಪತ್ರ ಅಣ್ಣನಿಗೆ ಸಿಗುತ್ತಿರಲಿಲ್ಲ. ‘ಐಮ್ಯಾಪ್’ನಲ್ಲಿ ಪತ್ರ ಮೂಲದಲ್ಲಿಯೇ ಇರುತ್ತದೆ, ಕಳಿಸಿದ ಉತ್ತರವೂ ಅಲ್ಲಿಯೇ ಸೇರುತ್ತದೆ. ಒಬ್ಬ ಗಿರಾಕಿಗೆ ಇಬ್ಬರು ಸಹೋದರರು ಎರಡು ದರ ಬರೆಯುವ ಮುಜುಗರ ಇದರಿಂದ ತಪ್ಪುತ್ತದೆ. ಒಂದು ಕೊರತೆ ಇದೆ: ಒಬ್ಬರು ತೆರೆದ ಕೂಡಲೇ ಎಲ್ಲರ ಪರದೆಯಲ್ಲೂ ಅದು ಓದಿದ ಪತ್ರವಾಗಿ ಕಾಣುತ್ತದೆ, ಯಾರೋ ಉತ್ತರಿಸಿರಬೇಕು ಎಂದು ಉಳಿದವರು ಸುಮ್ಮನಾಗುತ್ತಾರೆ. ಉತ್ತರ ಹೋದ ಪತ್ರವನ್ನು ‘ಮುಗಿದದ್ದು’ ಎಂಬ ಬೇರೆ ಕಡತಕ್ಕೆ ಸರಿಸುವ ರೂಢಿ ಮಾಡಿಕೊಂಡರೆ ಬಾಕಿ ಯಾವುದೆಂದು ತಾನೇ ಗೊತ್ತಾಗುತ್ತದೆ. ಔಟ್‌ಲುಕ್‌ನ ಪತ್ರಕಡತವನ್ನು ನೆಟ್‌ವರ್ಕಿನ ಹಂಚಿಕೆ ಫೋಲ್ಡರಿನಲ್ಲಿಟ್ಟು ಇಬ್ಬರು ಬಳಸುವುದು ಮಾತ್ರ ಬೇಡ, ಕಡತವೇ ಕೆಡಬಹುದು.

ಹಂಚಿಕೊಳ್ಳಬೇಕಾದದ್ದು ಅಂಗಡಿಯ ವಿಳಾಸ, ಮನೆಯವರ ಸ್ವಂತ ವಿಳಾಸಗಳಲ್ಲ. ಸೊಸೆಯ ತವರಿನ ಪತ್ರ, ಮಗಳ ಕಾಲೇಜಿನ ಪತ್ರ ಅವರವರದೇ. ಒಟ್ಟು ಕುಟುಂಬ ಎಂಬ ನೆಪದಲ್ಲಿ ಗುಪ್ತಪದ ಕೇಳುವ ಹಿರಿಯರನ್ನು ನಾವು ಒಪ್ಪುವುದಿಲ್ಲ. ಕೊಡದ ವಸ್ತುವನ್ನು ತೆಗೆದುಕೊಳ್ಳಬಾರದೆಂಬ ಅಣುವ್ರತ ಪತ್ರಕ್ಕೂ ಅನ್ವಯಿಸುತ್ತದೆ.

ಹಂಚಿದ ಅಂಚೆಗೆ ಎರಡು ಹಂತದ ಭದ್ರತೆ ಇರಲೇಬೇಕು. ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಈ ಸಲದ ಹಣ ಹೊಸ ಖಾತೆಗೆ ಕಳಿಸಿ’ ಎಂದು ಪರಿಚಿತ ಸಗಟು ವ್ಯಾಪಾರಿಯ ಹೆಸರಿನಲ್ಲಿ ಬರುವ ಪತ್ರಗಳು ವ್ಯಾಪಾರಿಗಳಿಗೆ ಒಡ್ಡುವ ಬಲೆಗಳಲ್ಲಿ ಮುಖ್ಯವಾದದ್ದು. ನಾಲ್ವರು ನೋಡುವ ಅಂಚೆಯಲ್ಲಿ ಯಾರೋ ಒಬ್ಬರು ಅವಸರದಲ್ಲಿ ಹಣ ಕಳಿಸುವ ಸಂಭವ ಹೆಚ್ಚು. ಖಾತೆ ಬದಲಾದ ಸುದ್ದಿ ಬಂದರೆ ಹಳೆಯ ದೂರವಾಣಿ ಸಂಖ್ಯೆಗೆ ಕರೆ ಮಾಡಿ ಕಿವಿಯಾರೆ ಕೇಳದೆ ಹಣ ಹೋಗಬಾರದು ಎಂದು ಮನೆಯಲ್ಲಿ ನಿಯಮವಿರಲಿ. ಹೋಗಿಬಿಟ್ಟರೆ ತಡಮಾಡದೆ 1930ಕ್ಕೆ ಕರೆ ಮಾಡಿ, ನಿಮ್ಮ ಬ್ಯಾಂಕಿಗೂ ತಿಳಿಸಿ.