ಮಳೆಪ್ರಿಯನೊಬ್ಬನ ಜಮಾ–ಖರ್ಚು

ಮಳೆಯೆಂದರೆ ನನಗೆ ಬಾಲ್ಯದಿಂದಲೂ ಅತೀವ ಪ್ರೀತಿ. ನಾನು ಹುಟ್ಟಿ ಬೆಳೆದದ್ದು ಕಾರ್ಕಳದ ಸಮೀಪದ ಒಂದು ಹಳ್ಳಿಯಲ್ಲಿ. ವರ್ಷಕ್ಕೆ 4,000 ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆ ಸುರಿಯುವ ಸೀಮೆಯದು. ಆಟಿ ತಿಂಗಳಲ್ಲಿ ಹಂಚಿನ ಮಾಡಿನ ಮೇಲೆ ಹಗಲಿರುಳೂ ಕೇಳಿಬರುವ ಸದ್ದು, ಕೆಂಡದ ಮೇಲೆ ಸುಟ್ಟ ಹಲಸಿನ ಹಪ್ಪಳ, ಗೊರಬು ಹೊತ್ತು ನೇಜಿ ನೆಡುವ ಹೆಂಗಸರು, ಇವೆಲ್ಲ ಇಂದಿಗೂ ಕಣ್ಣ ಮುಂದಿವೆ. ಬ್ಯಾಂಕಿನ ಉದ್ಯೋಗದಲ್ಲಿ ವರ್ಗವಾಗಿ ಹೈದರಾಬಾದಿಗೆ ಬಂದಾಗ, ಈ ಊರು ನನಗೆ ಎಲ್ಲವನ್ನೂ ಕೊಟ್ಟಿತು. ಮಳೆಯೊಂದನ್ನು ಮಾತ್ರ ಕೈಬಿಗಿ ಹಿಡಿದು ಕೊಟ್ಟಿತು. ಇಲ್ಲಿಯ ವಾರ್ಷಿಕ ಮಳೆ ಸುಮಾರು 800 ಮಿಲಿಮೀಟರ್ ಅಷ್ಟೆ.

ಆದುದರಿಂದ 2020ರ ಅಕ್ಟೋಬರ್ 13ರಂದು ಆಕಾಶವು ಕಪ್ಪಾಗಿ ಕವಿದಾಗ ನನಗಾದ ಹಿಗ್ಗು ಅಷ್ಟಿಷ್ಟಲ್ಲ. ಬಂಗಾಳ ಕೊಲ್ಲಿಯ ತೀವ್ರ ವಾಯುಭಾರ ಕುಸಿತವು ಅಂದು ಬೆಳಿಗ್ಗೆ ಕಾಕಿನಾಡದ ಬಳಿ ಕರಾವಳಿಯನ್ನು ದಾಟಿ ಪಶ್ಚಿಮಾಭಿಮುಖವಾಗಿ ನಮ್ಮತ್ತ ಬರುತ್ತಿತ್ತು. ಸಂಜೆ ಮೂರನೆಯ ಅಂತಸ್ತಿನ ಬಾಲ್ಕನಿಯಲ್ಲಿ ಕುರ್ಚಿ ಹಾಕಿ ಕುಳಿತೆ. ಊರಿನಿಂದ ತಂದಿದ್ದ ಹಪ್ಪಳವನ್ನು ಕರಿಯುತ್ತಿದ್ದ ಪತ್ನಿ, "ಏನ್ರೀ, ನಿಮಗಿವತ್ತು ಊರೇ ಇಲ್ಲಿಗೆ ಬಂದ ಹಾಗಾಯಿತಲ್ಲ!" ಎಂದು ನಕ್ಕಳು. ಬೇಗಂಪೇಟೆಯಲ್ಲಿ 24 ಗಂಟೆಗಳಲ್ಲಿ ದಾಖಲಾದ ಮಳೆ ಸುಮಾರು 192 ಮಿಲಿಮೀಟರ್. ವಾಣಿಜ್ಯ ಪದವೀಧರನ ಭಾಷೆಯಲ್ಲಿ ಹೇಳುವುದಾದರೆ, ವರ್ಷದ ಆದಾಯದ ಕಾಲುಭಾಗವು ಒಂದೇ ದಿನದಲ್ಲಿ ಜಮಾ ಆಯಿತು.

ಅದರ ಖರ್ಚಿನ ಬಾಬು ನನ್ನ ಕಾಲಡಿಯಲ್ಲೇ ಬರೆಯಲ್ಪಡುತ್ತಿತ್ತು. ನಮ್ಮ ಕಟ್ಟಡದ ಸೆಲ್ಲಾರಿನಲ್ಲಿ ಕಾವಲುಗಾರನ ಸಂಸಾರವಿತ್ತು. ನಾರಾಯಣಪೇಟೆಯ ಕಡೆಯವನಾದ ಆತ ನನ್ನೊಡನೆ ಮುರುಕು ಕನ್ನಡದಲ್ಲಿ ಮಾತನಾಡುತ್ತಿದ್ದ. ರಾತ್ರಿ ಒಂಬತ್ತರ ಹೊತ್ತಿಗೆ "ಸಾರ್, ನೀರು ಬಂತು ಸಾರ್!" ಎಂಬ ಕೂಗು ಕೇಳಿ ಇಳಿದು ಹೋದಾಗ ನೀರು ಸೊಂಟದವರೆಗೆ ಏರಿತ್ತು. ಪುಣ್ಯವಶಾತ್ ಯಾರೋ ಮೈನ್ ಸ್ವಿಚ್ ಆರಿಸಿದ್ದರು. ಆತ ಮಗಳನ್ನು ಹೆಗಲ ಮೇಲೆ ಹೊತ್ತು ಮೆಟ್ಟಿಲಿಗೆ ತಂದು ಬಿಟ್ಟು, ಹಣವಿದ್ದ ಡಬ್ಬಿಗಾಗಿ ಮತ್ತೆ ಮತ್ತೆ ಆ ಕೊಳಕು ನೀರಿಗಿಳಿದ. ಅಂದು ರಾತ್ರಿ ಆ ಮೂವರೂ ನಮ್ಮ ಮನೆಯಲ್ಲೇ ಮಲಗಿದರು. ತಟ್ಟೆಯ ಹಪ್ಪಳ ಮೆತ್ತಗಾಗಿತ್ತು.

ಮುಂದಿನ ದಿನಗಳಲ್ಲಿ ಬ್ಯಾಂಕಿನ ಕೌಂಟರಿಗೆ ಬಂದವರ ಕೈಯಲ್ಲಿ ಒದ್ದೆ ಪಾಸ್‌ಬುಕ್ಕುಗಳು, ಒಂದಕ್ಕೊಂದು ಅಂಟಿದ ನೋಟುಗಳು. ಫ್ಯಾನಿನ ಕೆಳಗೆ ಅವನ್ನು ಹರಡಿ ಒಣಗಿಸಿ ಎಣಿಸಿದೆವು. ಮಾಸಿದ ನೋಟುಗಳನ್ನು ಯಾವ ಬ್ಯಾಂಕಿನ ಶಾಖೆಯಲ್ಲಾದರೂ ಬದಲಿಸಿಕೊಳ್ಳಬಹುದೆಂಬುದು ಅನೇಕರಿಗೆ ತಿಳಿದಿರಲಿಲ್ಲ.

ಹತ್ತು ದಿನಗಳ ತರುವಾಯ ಕಾವಲುಗಾರನಿಗೆ ಜ್ವರ ಬಂದಿತು. ಅದು ಕೋವಿಡ್ ಕಾಲ. ಪರೀಕ್ಷೆಯಲ್ಲಿ ಅದಿಲ್ಲವೆಂದಾದ ಮೇಲೆ, "ಮಳೆಯಲ್ಲಿ ನೆನೆದದ್ದಕ್ಕೆ ಬಂದದ್ದು" ಎಂದು ನಾನೇ ಪ್ಯಾರಾಸಿಟಮಾಲ್ ಕೊಟ್ಟು ಮೂರು ದಿನ ಕಳೆದೆ. ನಾಲ್ಕನೆಯ ದಿನ ಆತನ ಕಣ್ಣುಗಳು ಕೆಂಪಾಗಿ, ಮೀನಖಂಡದ ನೋವಿನಿಂದ ನಡೆಯಲಾರದಾದ. ದೂರವಾಣಿಯಲ್ಲಿ ವಿಷಯ ಕೇಳಿದ ನನ್ನ ತಾಯಿ, "ಗದ್ದೆ ನೀರಿನಲ್ಲಿ ನಿಂತವರಿಗೆ ಬರುವ ಇಲಿಜ್ವರ ಅಲ್ಲವಷ್ಟೆ ಮಗಾ?" ಎಂದರು. ವೈದ್ಯರ ಪರೀಕ್ಷೆಯಲ್ಲಿ ಅದೇ ನಿಜವಾಯಿತು. ಚಿಕಿತ್ಸೆಯಿಂದ ಆತ ಗುಣಮುಖನಾದ. ಆದರೆ ಕರಾವಳಿಯ ಮಗನಾದ ನನಗೆ ಹೊಳೆಯಬೇಕಾಗಿದ್ದ ಮಾತು ಹೊಳೆಯದೆ ಹೋದ ಆ ಮೂರು ದಿನಗಳ ಅಳುಕು ಇಂದಿಗೂ ಇದೆ.

ಇಲಿ, ದನ, ನಾಯಿಗಳ ಮೂತ್ರ ಬೆರೆತ ನೀರಿನಿಂದ, ಕಾಲಿನ ಗಾಯ–ಬಿರುಕುಗಳ ಮೂಲಕ ಈ ರೋಗಾಣು ದೇಹವನ್ನು ಸೇರುತ್ತದೆ. ಲಕ್ಷಣಗಳು ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ ತೋರುತ್ತವೆ. ಬೇಗನೆ ಗುರುತಿಸಿದರೆ ಔಷಧಕ್ಕೆ ಬಗ್ಗುವ ಈ ಜ್ವರ, ತಡವಾದರೆ ಮೂತ್ರಪಿಂಡ, ಯಕೃತ್ತುಗಳನ್ನೇ ಕೆಡಿಸಬಲ್ಲುದು. ನೆರೆನೀರಿನಲ್ಲಿ ನಡೆದವರು ಕಾಲನ್ನು ಸೋಪಿನಿಂದ ತೊಳೆಯಬೇಕು, ಕುದಿಸಿ ಆರಿಸಿದ ನೀರನ್ನೇ ಕುಡಿಯಬೇಕು. ಜ್ವರ ಬಂದರೆ ನೀರಿಗಿಳಿದಿದ್ದ ಸಂಗತಿಯನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು.

ಈ ನಗರಕ್ಕೆ ಇಂಥ ಮಳೆ ಹೊಸದಲ್ಲ. 1908ರ ಸೆಪ್ಟೆಂಬರ್ 28ರಂದು ಮೂಸಿ ಉಕ್ಕಿ ಸುಮಾರು 15,000 ಜನ ಮಡಿದರೆಂದು ಅಂದಾಜು. ಉಸ್ಮಾನಿಯಾ ಆಸ್ಪತ್ರೆಯ ಆವರಣದ ಹುಣಿಸೆಮರವನ್ನೇರಿ ಸುಮಾರು 150 ಮಂದಿ ಬದುಕಿದರು. ಮರುವರ್ಷ ನಿಜಾಮರ ಕರೆಯ ಮೇರೆಗೆ ಬಂದವರು ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು. ಜಲಾನಯನ ಪ್ರದೇಶದ 788 ಕೆರೆಗಳ ಪೈಕಿ 221 ಒಡೆದಿದ್ದವೆಂದು ಅವರು ಲೆಕ್ಕವಿಟ್ಟರು. ಅವರ ಯೋಜನೆಯ ಫಲವಾಗಿ 1920ರಲ್ಲಿ ಉಸ್ಮಾನ್ ಸಾಗರವೂ 1927ರಲ್ಲಿ ಹಿಮಾಯತ್ ಸಾಗರವೂ ಸಿದ್ಧವಾದವು. ಆದರೆ 2020ರ ಮಳೆ ಆ ಜಲಾಶಯಗಳ ಮೇಲ್ಭಾಗದಲ್ಲಷ್ಟೇ ಅಲ್ಲ, ನಗರದ ನಡುವೆಯೇ ಸುರಿಯಿತು. ಕೆರೆಯಂಗಳಗಳಲ್ಲಿ ಮನೆಗಳೆದ್ದಿದ್ದವು, ನಾಲೆಗಳು ಕಿರಿದಾಗಿದ್ದವು. ನೀರು ತನ್ನ ಹಳೆಯ ದಾರಿಯನ್ನೇ ಹುಡುಕಿತು. ನಮ್ಮೂರಿನಲ್ಲಿ 192 ಮಿಲಿಮೀಟರ್ ಸುರಿದರೂ ತೋಡು, ಹೊಳೆ, ಸಮುದ್ರ ಎಂದು ನೀರಿಗೊಂದು ದಾರಿಯುಂಟು. ಇಲ್ಲಿ ಅದಕ್ಕೆ ಸಿಕ್ಕಿದ್ದು ಬಡವರ ಹೊಸ್ತಿಲು. ಅದೇ ಮಳೆ ಮುಂದೆ ಸಾಗಿ ಕಲಬುರಗಿ, ವಿಜಯಪುರಗಳಲ್ಲಿ ಭೀಮೆಯ ದಂಡೆಯ ಊರುಗಳನ್ನೂ ಮುಳುಗಿಸಿತೆಂಬುದು ಆ ಕಡೆಯ ನಮ್ಮ ಸದಸ್ಯರಿಗೆ ನೆನಪಿರಬಹುದು.

ಈಗಲೂ ಮೋಡ ಕವಿದರೆ ನನ್ನ ಮನಸ್ಸು ಅರಳುತ್ತದೆ. ಹುಟ್ಟುಗುಣ ಸುಲಭವಾಗಿ ಬಿಡುವಂಥದಲ್ಲ. ಆದರೆ ಬಾಲ್ಕನಿಯಲ್ಲಿ ಕುಳಿತುಕೊಳ್ಳುವ ಮುನ್ನ ಒಮ್ಮೆ ಕೆಳಗಿಳಿದು, ಮೋರಿಯ ಬಾಯಿ ತೆರೆದಿದೆಯೆ, ಕಾವಲುಗಾರನ ಸಂಸಾರ ಮೇಲೆ ಬಂದಿದೆಯೆ ಎಂದು ನೋಡಿ ಬರುತ್ತೇನೆ. ಹಪ್ಪಳ ಕರಿಯುವುದು ಆಮೇಲೆ.