ಸ್ಕೈಪ್ ನಿಂತರೂ ನಿಲ್ಲದ ತರಗತಿಯ ಆಟ

ಎರಡು ದೇಶಗಳ ಎರಡು ತರಗತಿಗಳು ವಿಡಿಯೋ ಕರೆಯಲ್ಲಿ ಮುಖಾಮುಖಿಯಾಗುತ್ತವೆ. ಎದುರಿನ ಮಕ್ಕಳು ಯಾವ ಊರಿನವರೆಂದು ಇವರಿಗೆ ಗೊತ್ತಿಲ್ಲ. ಇವರ ಊರು ಅವರಿಗೂ ಗೊತ್ತಿಲ್ಲ. ಗೊತ್ತಿರುವುದು ಇಬ್ಬರು ಶಿಕ್ಷಕರಿಗೆ ಮಾತ್ರ. 'ಹೌದು' ಅಥವಾ 'ಅಲ್ಲ' ಎಂದಷ್ಟೇ ಉತ್ತರಿಸಬಹುದಾದ ಪ್ರಶ್ನೆಗಳನ್ನು ಸರದಿಯಂತೆ ಕೇಳುತ್ತಾ, ಭೂಪಟ ನೋಡುತ್ತಾ ಊರನ್ನು ಪತ್ತೆ ಹಚ್ಚಬೇಕು. 'ಮಿಸ್ಟರಿ ಸ್ಕೈಪ್' ಎಂಬ ಹೆಸರಿನಲ್ಲಿ ಹಲವು ದೇಶಗಳ ಶಾಲೆಗಳಿಗೆ ಹಬ್ಬಿದ ಆಟವಿದು.

2003ರಲ್ಲಿ ಆರಂಭವಾದ ಸ್ಕೈಪ್, ಶಿಕ್ಷಕರು ಪರಸ್ಪರ ಸಂಪರ್ಕ ಬೆಳೆಸಲೆಂದು 2011ರಲ್ಲಿ 'ಸ್ಕೈಪ್ ಇನ್ ದ ಕ್ಲಾಸ್‌ರೂಮ್' ತೆರೆಯಿತು. ಅದೇ ವರ್ಷ ಸಂಸ್ಥೆ ಮೈಕ್ರೋಸಾಫ್ಟ್ ಪಾಲಾಯಿತು. 2025ರ ಮೇ 5ರಂದು ಸ್ಕೈಪ್ ಸೇವೆಯೇ ನಿಂತಿತು. ಆದರೆ ಆಟಕ್ಕೇನೂ ಅಡ್ಡಿಯಿಲ್ಲ. ಗೂಗಲ್ ಮೀಟ್, ಝೂಮ್, ಟೀಮ್ಸ್ ಯಾವುದಾದರೂ ಸಾಕು. ಝೂಮ್‌ನ ಉಚಿತ ಖಾತೆಯಲ್ಲಿ ಕರೆ 40 ನಿಮಿಷಕ್ಕೆ ಮುಗಿಯುತ್ತದೆ. ಒಂದು ಪೀರಿಯಡ್‌ಗೆ ಅದು ಸರಿಹೋಗುತ್ತದೆ.

ಗಡಿಯಾರದ ಲೆಕ್ಕ

ಮೊದಲು ನೋಡಬೇಕಾದದ್ದು ಸಮಯ. ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದಿದೆ. ನಮ್ಮ ಬೆಳಿಗ್ಗೆ 10 ಗಂಟೆ ಅಲ್ಲಿ ಮಧ್ಯಾಹ್ನ ಒಂದೂವರೆ. ಎರಡೂ ಕಡೆ ಶಾಲೆಯ ವೇಳೆ. ಬ್ರಿಟನ್ನಿನಲ್ಲಿ ಬೆಳಿಗ್ಗೆ 9 ಆದಾಗ ಇಲ್ಲಿ ಚಳಿಗಾಲದಲ್ಲಿ ಎರಡೂವರೆ, ಬೇಸಿಗೆಯಲ್ಲಿ ಒಂದೂವರೆ. ನ್ಯೂಯಾರ್ಕಿನಲ್ಲಿ ಶಾಲೆ ಶುರುವಾಗುವ ಹೊತ್ತಿಗೆ ನಮ್ಮ ಮಕ್ಕಳು ಮನೆ ಸೇರಿರುತ್ತಾರೆ.

ಇಂಗ್ಲಿಷ್ ಭಯ ಬೇಡ

ಕನ್ನಡ ಮಾಧ್ಯಮದ ಮಕ್ಕಳಿಗೆ ಈ ಆಟ ಹೊಂದುವುದು ಇಲ್ಲಿಯೇ. ಭಾಷಣ ಬೇಕಿಲ್ಲ. 'ನೀವು ಸಮಭಾಜಕ ವೃತ್ತದ ಉತ್ತರಕ್ಕಿದ್ದೀರಾ?', 'ನಿಮ್ಮ ದೇಶಕ್ಕೆ ಸಮುದ್ರವಿದೆಯೇ?' ಇಂಥ ಹದಿನೈದು ಚಿಕ್ಕ ವಾಕ್ಯಗಳನ್ನು ಇಂಗ್ಲಿಷಿನಲ್ಲಿ ಮೊದಲೇ ಬರೆದು ಕಲಿತರೆ ಆಯಿತು. ಒಳ್ಳೆಯ ಪ್ರಶ್ನೆ ಭೂಪಟದ ಅರ್ಧ ಭಾಗವನ್ನೇ ಕೈಬಿಡುವಂತೆ ಮಾಡುತ್ತದೆ. ಕೆಲವರು ಕೇಳಲಿ, ಕೆಲವರು ಭೂಪಟ ಹಿಡಿಯಲಿ, ಕೆಲವರು ಉತ್ತರ ಬರೆದುಕೊಳ್ಳಲಿ. ತಮ್ಮೊಳಗೆ ಚರ್ಚಿಸುವಾಗ ಕನ್ನಡ ಇದ್ದೇ ಇದೆ.

ಗಡಿನಾಡಿನ ಮಕ್ಕಳ ಊರು ಪತ್ತೆ ಹಚ್ಚುವುದು ಇನ್ನೂ ಸ್ವಾರಸ್ಯ. 'ನಿಮ್ಮ ಶಾಲೆಯ ಭಾಷೆ ಕನ್ನಡವೇ?' ಹೌದು. 'ಹಾಗಾದರೆ ಕರ್ನಾಟಕವೇ?' ಅಲ್ಲ! ಆಟ ಮುಗಿದ ಮೇಲೆ ಹತ್ತು ನಿಮಿಷ ಈ 'ಅಲ್ಲ'ವನ್ನು ವಿವರಿಸಲು ಮೀಸಲಿಡಬೇಕು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ್ದನ್ನು ಮಗುವೇ ಹೇಳಲಿ. ತನ್ನ ಊರನ್ನು ಬೇರೆಯವರಿಗೆ ತಿಳಿಸಬೇಕಾದಾಗಲೇ ಮಗು ಅದರ ಬಗ್ಗೆ ಮನೆಯಲ್ಲಿ ಹಿರಿಯರನ್ನು ಕೇಳುತ್ತದೆ.

ಎಚ್ಚರಿಕೆಯೂ ಇರಲಿ. ಕರೆ ಶಿಕ್ಷಕರ ಖಾತೆಯಿಂದಲೇ ಹೋಗಬೇಕು, ಪಾಲಕರ ಒಪ್ಪಿಗೆ ಪಡೆದಿರಬೇಕು. ಮಕ್ಕಳು ಪೂರ್ಣ ಹೆಸರು, ಮನೆ ವಿಳಾಸ, ಫೋನ್ ಸಂಖ್ಯೆ ಹೇಳಬಾರದು. ಒಪ್ಪಿಗೆಯಿಲ್ಲದೆ ಚಿತ್ರೀಕರಣ ಬೇಡ.

ಮೊದಲ ಕರೆ ವಿದೇಶಕ್ಕೇ ಆಗಬೇಕೆಂದಿಲ್ಲ. ಕಾಸರಗೋಡಿನ ಒಂದು ಕನ್ನಡ ಶಾಲೆ ಅಕ್ಕಲಕೋಟೆಯ ಕನ್ನಡ ಶಾಲೆಯೊಂದಿಗೆ ಆಡಬಹುದು. ಸಮಯದ ವ್ಯತ್ಯಾಸವಿಲ್ಲ, ಭಾಷೆಯ ತೊಡಕಿಲ್ಲ. ಎರಡು ತುದಿಗಳ ಕನ್ನಡದ ಮಕ್ಕಳು ಒಬ್ಬರನ್ನೊಬ್ಬರು ಕಂಡಂತೆಯೂ ಆಗುತ್ತದೆ.